ಮೂರು ಸಾವಿರ ಜೀನ್ಸ್, ಒಂದು ರೀಲ್: ಬಳ್ಳಾರಿಯ ಪ್ರಕರಣ ಅಧ್ಯಯನ

ಬಳ್ಳಾರಿ ನಗರದ ಒಂದು ಜೀನ್ಸ್ ಘಟಕ. 30 ಹೊಲಿಗೆ ಮಷಿನ್. ಕಟ್ಟಿಂಗ್ ಮಾಸ್ಟರ್, ಹೆಲ್ಪರ್, ಚೆಕ್ಕಿಂಗ್, ಪ್ಯಾಕಿಂಗ್‌ನವರೆಲ್ಲ ಸೇರಿ 46 ಜನ. ಮೊದಲಿಂದಲೂ ಸಗಟು ವ್ಯಾಪಾರಿಗಳ ಲೇಬಲ್ ಹಾಕಿ ಮಾಲು ಕೊಡುತ್ತಿದ್ದ ಘಟಕ ಈಗ ಸ್ವಂತ ಬ್ರ್ಯಾಂಡ್ ತೆಗೆದಿದೆ. ಗುರಿ 16ರಿಂದ 22ರ ವಯಸ್ಸಿನವರು, ಅಂದರೆ ಪಿಯು, ಡಿಪ್ಲೊಮಾ, ಡಿಗ್ರಿ ಓದುವ ಹುಡುಗ ಹುಡುಗಿಯರು. ಬೆಲೆ 1,199 ರೂಪಾಯಿ. ಮೊದಲ ಲಾಟು 3,000 ಪೀಸ್. ಟ್ಯಾಗ್ ಮೇಲೆ ಮೂರು ಮಾತು ಅಚ್ಚಾಗಿವೆ: ‘ನೀರು ಉಳಿಸಿದ ಜೀನ್ಸ್’, ‘ಬೆವರಿಗೆ ಸರಿಯಾದ ಕೂಲಿ’, ‘ಮಕ್ಕಳ ಕೈ ಸೋಕಿಲ್ಲ’.

ಜಾಹೀರಾತಿಗೆ ತೆಗೆದಿಟ್ಟದ್ದು 2 ಲಕ್ಷ. ಕೆಲಸವನ್ನು ಊರ ಹೊರಗಿನ ಏಜೆನ್ಸಿಗೆ ಒಪ್ಪಿಸಲಾಯಿತು. ಅವರು ಮಾಡಿಕೊಟ್ಟದ್ದು ಕಾಲೇಜು ರಸ್ತೆಗೆ ಒಂದು ಹೋರ್ಡಿಂಗ್, ಇನ್‌ಸ್ಟಾಗ್ರಾಂಗೆ ಒಂದು ರೀಲ್. ಇದಲ್ಲದೆ ಊರಲ್ಲಿ ಹೆಸರು ಮಾಡಿದ ಒಬ್ಬ ರೀಲ್ಸ್ ಹುಡುಗನಿಂದ ಇನ್ನೊಂದು ರೀಲ್. ಏಜೆನ್ಸಿಯ ರೀಲ್‌ನಲ್ಲಿ ಎರಡು ಜಡೆ ಹಾಕಿ ಹೆಗಲಿಗೆ ಶಾಲೆ ಬ್ಯಾಗ್ ಏರಿಸಿದ ಹುಡುಗಿ ಬಸ್ಸಿನ ಕೊನೆ ಸೀಟಿನಲ್ಲಿ ಕೂತಿರುತ್ತಾಳೆ. ಕ್ಯಾಮೆರಾ ಅವಳ ಮುಖ ಬಿಟ್ಟು ಮೈಮೇಲೆಯೇ ಓಡಾಡುತ್ತದೆ. ಕೊನೆಗೆ ಬರುವ ಸಾಲು: ‘ಅಮ್ಮಂಗೆ ಹೇಳ್ಬೇಡ’. ಟ್ಯಾಗ್‌ನ ಮೂರು ಮಾತೂ ಅದರ ಕೆಳಗೇ ಹಾದು ಹೋಗುತ್ತವೆ.

ಒಂದು ವಾರದೊಳಗೆ ಮೂರು ಕಡೆಯಿಂದ ತಕರಾರು ಬಂತು. ಒಬ್ಬ ತಾಯಿ ಮತ್ತು ಒಬ್ಬ ಉಪನ್ಯಾಸಕಿ ಸೇರಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿಗೆ ದೂರು ಕೊಟ್ಟರು. ಬೇರೆ ಒಂದು ಗುಂಪು ‘ಹೆಣ್ಮಕ್ಳಿಗೆ ಜೀನ್ಸ್ ಯಾಕೆ’ ಎಂದು ಹೋರ್ಡಿಂಗ್ ಹರಿದು ಹಾಕಿತು. ಡಿಪ್ಲೊಮಾ ಓದುವ ಹುಡುಗನೊಬ್ಬ ಬ್ರ್ಯಾಂಡ್‌ಗೆ ಒಂದೇ ಸಾಲು ಬರೆದ: ‘ಎಷ್ಟು ಲೀಟರ್ ಉಳಿಸೀರಿ, ಲೆಕ್ಕ ಕೊಡ್ರಿ.’

ಈ ಘಟಕ ಮಾದರಿ ಘಟಕ. ಬಳ್ಳಾರಿಯ ಕಟ್ಟಿಂಗ್ ಟೇಬಲ್, ವಾಷಿಂಗ್ ಘಟಕ, ಮನೆ ಹೊಲಿಗೆಯ ಸರಪಳಿಯಲ್ಲಿ ನಡೆಯುವುದನ್ನು ಜೋಡಿಸಿ ಕಟ್ಟಿದ ಪ್ರಕರಣ ಇದು, ಯಾರದೆಂದು ಹುಡುಕಬೇಕಿಲ್ಲ. ಕೂಲಿ, ನೀರು, ಪೀಸಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟವು. ಓದುವವರು ತಮ್ಮ ಅಂಕಿ ಹಾಕಿಕೊಂಡು ಅದೇ ದಾರಿಯಲ್ಲಿ ನಡೆಯಬಹುದು. ಕಾನೂನು, ಹೊರದೇಶದ ಪ್ರಸಂಗಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಮೂರು ತಕರಾರಿಗೂ ಮಾಲೀಕರ ಮೊದಲ ಉತ್ತರ ಒಂದೇ ಆಗಿತ್ತು. ರೀಲ್ ಏಜೆನ್ಸಿಯವರು ಮಾಡಿದ್ದು, ನೀರು ವಾಷಿಂಗ್‌ನವರ ಲೆಕ್ಕ, ಮನೆ ಮನೆಗೆ ಹಂಚಿದ ಹೊಲಿಗೆ ಮೇಸ್ತ್ರಿ ಕೈಯಲ್ಲಿರುವುದು. ಈ ಉತ್ತರ ಸುಳ್ಳಲ್ಲ. ಆದರೆ ಟ್ಯಾಗ್ ಮೇಲೆ ಮಾತು ಕೊಟ್ಟವರು ಏಜೆನ್ಸಿಯೂ ಅಲ್ಲ, ವಾಷಿಂಗ್‌ನವರೂ ಅಲ್ಲ, ಮೇಸ್ತ್ರಿಯೂ ಅಲ್ಲ. ಜಾಬ್ ವರ್ಕಿಗೆ ಕೊಟ್ಟ ಕೆಲಸದ ಜೊತೆ ಮಾತೂ ಗೇಟು ದಾಟಿ ಹೋಗಿತ್ತು. ಹಿಂದೆ ಹೋಗಿ ನೋಡಿದವರು ಯಾರೂ ಇರಲಿಲ್ಲ.

ಕೂಲಿ ಎಲ್ಲಿ ತಪ್ಪಿತು

ಲಾಟು ಕೆಟ್ಟದ್ದು ಕ್ಯಾಲೆಂಡರಿನಲ್ಲಿ. ಐದು ಜೇಬಿನ ಸಾದಾ ಜೀನ್ಸ್ ಒಂದಕ್ಕೆ ಹೊಲಿಗೆಯ ಸಮಯ ಸುಮಾರು 20 ನಿಮಿಷ: ಜೇಬು, ಜಿಪ್ಪು, ಹಿಂದಿನ ಯೋಕ್, ಒಳಸಂದಿ, ಪಕ್ಕದ ಹೊಲಿಗೆ, ಸೊಂಟಪಟ್ಟಿ, ಬೆಲ್ಟ್ ಲೂಪು, ಕಾಜಾ, ಬಾರ್‌ಟ್ಯಾಕ್, ಕೆಳಮಡಿಕೆ. 3,000 ಪೀಸಿಗೆ 60,000 ನಿಮಿಷ, ಅಂದರೆ 1,000 ಗಂಟೆ. 30 ಮಷಿನ್ ದಿನಕ್ಕೆ 8 ಗಂಟೆ ಓಡಿದರೆ 240 ಗಂಟೆ ಎಂದು ಕಾಗದದ ಮೇಲೆ ಬರೆಯಬಹುದು. ಆದರೆ ದಾರ ಕಡಿಯುವುದು, ಸೂಜಿ ಮುರಿಯುವುದು, ಕರೆಂಟ್ ಹೋಗುವುದು, ಬಂಡಲ್‌ಗಾಗಿ ಕಾಯುವುದು ಎಲ್ಲ ಕಳೆದರೆ ಈ ಗಾತ್ರದ ಘಟಕಕ್ಕೆ ಶೇ 60 ಸಿಕ್ಕರೆ ಅದೇ ಚೆನ್ನ. ದಿನಕ್ಕೆ 144 ಗಂಟೆ. ಅಂದರೆ ಲಾಟಿಗೆ ಏಳು ದಿನ ಬೇಕು.

ಹೋರ್ಡಿಂಗ್ ಏರುವ ತಾರೀಕು ಮೊದಲೇ ಗೊತ್ತಾಗಿತ್ತು. ಬಟ್ಟೆ ಅಹಮದಾಬಾದಿನಿಂದ ತಡವಾಗಿ ಬಂದು, ಹೊಲಿಗೆಗೆ ಉಳಿದದ್ದು ನಾಲ್ಕೇ ದಿನ. ನಾಲ್ಕು ದಿನಕ್ಕೆ 576 ಗಂಟೆ. ಅದರಲ್ಲಿ ಮುಗಿಯುವುದು 1,728 ಪೀಸ್. ಉಳಿದ 1,272 ಪೀಸ್ ಮೇಸ್ತ್ರಿಯ ಮೂಲಕ ಮನೆ ಮನೆಗೆ ಹೋದವು.

ಒಳಗಿನವರಿಗೆ ದಿನಗೂಲಿ, ಇಎಸ್‌ಐ, ಪಿಎಫ್ ಎಲ್ಲ ಇದೆ. ಹತ್ತು ಜನ ಆದರೆ ಇಎಸ್‌ಐ, ಇಪ್ಪತ್ತು ಆದರೆ ಪಿಎಫ್. 46 ಜನರ ಘಟಕ ಇದನ್ನು ತಪ್ಪಿಸಿಕೊಳ್ಳುವಂತಿಲ್ಲ, ಈ ಘಟಕ ತಪ್ಪಿಸಿಯೂ ಇಲ್ಲ. ಹೊರಗೆ ಹೋದದ್ದಕ್ಕೆ ಮಾತ್ರ ಪೀಸಿಗೆ 28 ರೂಪಾಯಿ.

28 ಕಡಿಮೆಯೋ ಸರಿಯೋ ಎಂದು ಬಾಯಿ ಅಂದಾಜಿನಲ್ಲಿ ಜಗಳ ಮಾಡುವುದು ಬಳ್ಳಾರಿಗೆ ಹೊಸದಲ್ಲ. ಜಗಳ ಬೇಕಾಗಿಲ್ಲ, ಲೆಕ್ಕ ಇದೆ. ದಿನಕ್ಕೆ 480 ನಿಮಿಷ. ಶೇ 60ರ ವೇಗದಲ್ಲಿ ಕೈಗೆ ಸಿಗುವ ಕೆಲಸ 288 ನಿಮಿಷ. 20 ನಿಮಿಷದ ಪೀಸಾದರೆ ಒಬ್ಬರ ಪಾಲಿಗೆ 14.4 ಪೀಸ್. ದಿನಗೂಲಿ 500 ರೂಪಾಯಿ ಎಂದು ಇಟ್ಟುಕೊಂಡರೆ (ನಿಮ್ಮ ವಲಯಕ್ಕೆ ಅಧಿಸೂಚನೆಯಲ್ಲಿರುವ ಅಂಕಿಯನ್ನೇ ಹಾಕಿಕೊಳ್ಳಿ) ಪೀಸಿಗೆ 34 ರೂಪಾಯಿ 70 ಪೈಸೆ ಬೀಳಬೇಕು. 28ರಂತೆ ಅದೇ ಹೊಲಿಗೆಗಾರ್ತಿಯ ಕೈಗೆ ಬರುವುದು 403. ಪೀಸ್ ರೇಟ್ ಎಂದ ಮಾತ್ರಕ್ಕೆ ಕನಿಷ್ಠ ವೇತನದ ಕೆಳಗೆ ಇಳಿಯಲು ಕಾನೂನು ಬಿಡುವುದಿಲ್ಲ. ಈ 403ರಲ್ಲೇ ಮನೆ ಕರೆಂಟು, ಸೂಜಿ, ಎಷ್ಟೋ ಸಲ ದಾರವೂ ಅವಳದ್ದೇ. ಆಲ್ಟರ್‌ಗೆಂದು ವಾಪಸ್ ಬಂದ ಮಾಲಿಗೆ ಕೂಲಿಯೇ ಇಲ್ಲ.

ಆಚೆಗೆ ಕೊಟ್ಟ 1,272 ಪೀಸಿಗೆ ತಲಾ 6 ರೂಪಾಯಿ 70 ಪೈಸೆ ಸೇರಿಸಿದ್ದರೆ ಆಗುತ್ತಿದ್ದ ಹೆಚ್ಚುವರಿ ಖರ್ಚು 8,522 ರೂಪಾಯಿ. ಜಾಹೀರಾತಿನ ಖರ್ಚು 2 ಲಕ್ಷ. ‘ಬೆವರಿಗೆ ಸರಿಯಾದ ಕೂಲಿ’ ಎಂಬ ಮಾತನ್ನು ನಿಜ ಮಾಡುವುದಕ್ಕಿಂತ ಹಾಗೆಂದು ಹೇಳುವುದಕ್ಕೇ ಇಪ್ಪತ್ತಮೂರು ಪಟ್ಟು ಹಣ ಹೋಯಿತು.

ಮಕ್ಕಳ ಕೈಯ ಮಾತು ಇನ್ನೂ ಸೂಕ್ಷ್ಮ. ಜೀನ್ಸ್ ಹೊಲಿಗೆ ಮುಗಿದ ಮೇಲೆ ದಾರದ ತುದಿ ಕತ್ತರಿಸುವ ಕೆಲಸ ಇರುತ್ತದೆ. ಸಣ್ಣ ಕತ್ತರಿ, ಮಡಿಲಲ್ಲಿ ಪ್ಯಾಂಟು, ಟಿವಿ ಮುಂದೆ ಕೂತು ಮಾಡುವ ಕೆಲಸ. ತಾಯಿ ಹೊಲಿಯುತ್ತಿದ್ದರೆ ಶಾಲೆಯಿಂದ ಬಂದ ಮಗಳು ಪಕ್ಕದಲ್ಲಿ ಕೂತು ದಾರ ಕತ್ತರಿಸುತ್ತಾಳೆ. 2016ರ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನು 14ರೊಳಗಿನವರಿಗೆ ಎಲ್ಲ ದುಡಿಮೆಯನ್ನೂ ನಿಷೇಧಿಸಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕುಟುಂಬದ ಅಪಾಯವಿಲ್ಲದ ಕೆಲಸಕ್ಕೆ ನೆರವಾಗಲು ಬಿಡುತ್ತದೆ. ಮೇಸ್ತ್ರಿ ತಂದ ಬಂಡಲ್ ಕುಟುಂಬದ ಕೆಲಸವೇ ಎಂದು ವಕೀಲರು ವಾದಿಸಲಿ. ‘ಮಕ್ಕಳ ಕೈ ಸೋಕಿಲ್ಲ’ ಎಂದು ಅಚ್ಚು ಹಾಕಿದವರಿಗೆ ಆ ವಿನಾಯಿತಿ ಕೆಲಸಕ್ಕೆ ಬರುವುದಿಲ್ಲ. ಸೋಕಿತೋ ಇಲ್ಲವೋ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಮನೆಗೆ ಹೋದ ಮಾಲಿಗೆ ಇಲ್ಲ ಎಂದು ಖಾತ್ರಿ ಕೊಡಲು ಇವರ ಬಳಿ ಏನೂ ಇರಲಿಲ್ಲ. ಸುಲಭದ ಪರಿಹಾರ ಒಂದಿದೆ: ಹೊರಗೆ ಹೊಲಿಸಿದರೂ ದಾರ ಕತ್ತರಿಸುವುದು ಮತ್ತು ಕಾಜಾ ಬಟನ್ ಕಡ್ಡಾಯವಾಗಿ ಘಟಕದೊಳಗೇ ಆಗಬೇಕು ಎಂದು ಜಾಬ್ ವರ್ಕ್ ಚೀಟಿಯಲ್ಲಿ ಬರೆಯುವುದು.

ನೀರಿನ ಲೆಕ್ಕ

ವಾಷಿಂಗ್‌ಗೆ ಹೋಗುವ ಮುಂಚೆ ಜೀನ್ಸ್ ಹಲಗೆಯಂತೆ ಗಟ್ಟಿ. ಗಂಜಿ ತೆಗೆಯುವುದು, ಎಂಜೈಮ್ ಅಥವಾ ಕಲ್ಲು, ಬ್ಲೀಚ್, ಬ್ಲೀಚ್ ಕೊಲ್ಲುವ ಮೆಟಾ (ಸೋಡಿಯಂ ಮೆಟಾಬೈಸಲ್ಫೈಟ್), ಸಾಫ್ಟ್‌ನರ್, ಇವುಗಳ ನಡುನಡುವೆ ಜಾಲಾಡುವಿಕೆ: ಮಾಮೂಲಿ ವಾಷ್‌ಗೆ ಹತ್ತು ಸಲ ನೀರು ತುಂಬಿ ಬಿಡಬೇಕು. ಒಂದು ಪ್ಯಾಂಟು 600 ಗ್ರಾಂ. ಕೆಜಿ ಬಟ್ಟೆಗೆ 8 ಲೀಟರ್ ನೀರು ಹಿಡಿಯುವ ಮಷಿನ್‌ನಲ್ಲಿ ಒಂದು ಸಲಕ್ಕೆ 4.8 ಲೀಟರ್, ಹತ್ತು ಸಲಕ್ಕೆ 48 ಲೀಟರ್.

‘ನೀರು ಉಳಿಸಿದ’ ಎಂಬ ಮಾತು ಹುಟ್ಟಿದ್ದು ಹೊಸ ಮಷಿನ್ ಮಾರುವವರ ಕೈಪಿಡಿಯಲ್ಲಿ. ಗಂಜಿ ತೆಗೆಯುವುದನ್ನೂ ಎಂಜೈಮನ್ನೂ ಒಂದೇ ನೀರಲ್ಲಿ ಮಾಡಿ, ಜಾಲಾಡುವಿಕೆ ಕಡಿಮೆ ಮಾಡಿದರೆ ಹತ್ತು ಆರಕ್ಕೆ ಇಳಿಯುತ್ತದೆ. ಪೀಸಿಗೆ 29 ಲೀಟರ್. ಇದು ಆಗುವ ಮಾತೇ. ಆದರೆ ಒಂದೊಂದು ಜಾಲಾಡುವಿಕೆಗೂ ಕಾರಣ ಇದೆ. ಎಂಜೈಮ್‌ನ ಕೆಲಸ ಮುಗಿದ ಮೇಲೆ ನೀರನ್ನು 80 ಡಿಗ್ರಿಗೆ ಏರಿಸಿಯೋ ಸೋಡಾ ಹಾಕಿ ಪಿಎಚ್ ಹತ್ತರ ಹತ್ತಿರ ತಂದೋ ಅದನ್ನು ಕೊಲ್ಲದಿದ್ದರೆ ಅದು ಪ್ಯಾಂಟಿನ ಮೇಲೆ ಕೂತು ನೂಲು ತಿನ್ನುತ್ತಲೇ ಇರುತ್ತದೆ; ಬೇಗನೆ ತೊಡೆಸಂದಿ ಹರಿದು ಗಿರಾಕಿ ವಾಪಸ್ ತರುತ್ತಾನೆ. ಬ್ಲೀಚ್ ಉಳಿದರೆ ಗೋದಾಮಿನಲ್ಲೇ ಹಳದಿ ತಿರುಗುತ್ತದೆ. ಬಿಟ್ಟ ನೀಲಿ ನೀರಲ್ಲೇ ಹೊರಳಿದರೆ ಜೇಬಿನ ಬಿಳಿ ಬಟ್ಟೆ ನೀಲಿಯಾಗುತ್ತದೆ. ಬೋರ್‌ವೆಲ್ ನೀರು ಗಡುಸಾಗಿದ್ದಲ್ಲಿ ಇವೆಲ್ಲ ಇನ್ನೂ ಹೆಚ್ಚು.

ಲಾಟಿನಲ್ಲಿ ನಡೆದದ್ದೇ ಬೇರೆ. ವಾಷಿಂಗ್‌ನವರು ಮೊದಲೇ ಹೇಳಿದ್ದರು: ‘ಅಣ್ಣಾ, ಇಷ್ಟ್ ಅರ್ಜೆಂಟ್ ಅಂದ್ರ ಹೊಸ ಮಷಿನ್ ಒಂದರಾಗ ಆಗಂಗಿಲ್ರಿ.’ 1,000 ಪೀಸ್ ಹೊಸ ಮಷಿನ್ನಿಗೆ ಹೋದವು. 2,000 ಪೀಸ್ ಹಳೆಯ, ಹೊಟ್ಟೆ ದೊಡ್ಡ ಮಷಿನ್ನಿಗೆ ಬಿದ್ದವು. ಅದು ಕೆಜಿಗೆ 12 ಲೀಟರ್ ಕುಡಿಯುತ್ತದೆ. ಒಂದು ಸಲಕ್ಕೆ 7.2 ಲೀಟರ್, ಹತ್ತು ಸಲಕ್ಕೆ 72. ಎರಡೂ ಸೇರಿಸಿ ಭಾಗಿಸಿದರೆ ಪೀಸಿಗೆ 57.6 ಲೀಟರ್. ಅಂದರೆ ‘ನೀರು ಉಳಿಸಿದ’ ಜೀನ್ಸ್ ಸಾದಾ ಜೀನ್ಸ್‌ಗಿಂತ 9.6 ಲೀಟರ್ ಹೆಚ್ಚು ಕುಡಿದಿತ್ತು. ಒಟ್ಟು 1,72,800 ಲೀಟರ್, 12,000 ಲೀಟರಿನ ಹದಿನಾಲ್ಕು ಟ್ಯಾಂಕರ್ ದಾಟಿ.

ಇಲ್ಲೊಂದು ಮಾತು ಸೇರಿಸಬೇಕು. ಲಿವೈಸ್ ಕಂಪನಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದರ 501 ಮಾದರಿಯ ಒಂದು ಜೀನ್ಸ್ ತನ್ನ ಇಡೀ ಆಯುಷ್ಯದಲ್ಲಿ ಬಳಸುವ ನೀರು 3,781 ಲೀಟರ್; ಅದರಲ್ಲಿ ಶೇ 68 ಹತ್ತಿ ಬೆಳೆಯಲು, ಶೇ 23 ಕೊಂಡವರು ಒಗೆಯಲು. ಆ ದೃಷ್ಟಿಯಿಂದ ವಾಷಿಂಗ್‌ನ 20 ಲೀಟರ್ ಉಳಿಸಿ ‘ನೀರು ಉಳಿಸಿದ ಜೀನ್ಸ್’ ಎಂದು ಇಡೀ ಪ್ಯಾಂಟಿನ ಮೇಲೆ ಹೇಳುವುದೇ ದೊಡ್ಡ ಮಾತು. ಹಾಗೆಂದು ವಾಷಿಂಗ್ ನೀರು ಲೆಕ್ಕಕ್ಕಿಲ್ಲ ಎನ್ನುವಂತಿಲ್ಲ. ಹತ್ತಿಯ ನೀರು ಎಲ್ಲೋ ಹೊಲದ್ದು. ಈ ನೀರು ಬಳ್ಳಾರಿಯ ಬೋರ್‌ವೆಲ್ಲಿನಿಂದ ಎದ್ದು ಬಳ್ಳಾರಿಯ ಚರಂಡಿಗೇ ಇಳಿಯುವಂಥದ್ದು.

ಇಳಿಯುವ ನೀರಿಗೂ ಲೆಕ್ಕ ಇದೆ. 2016ರ ಜವಳಿ ಮಾನದಂಡದಂತೆ ಹೊರಬಿಡುವ ನೀರಿನ ಬಿಒಡಿ, ಸಿಒಡಿ (ನೀರಿನ ಕೊಳೆ ಎಷ್ಟು ಆಮ್ಲಜನಕ ತಿನ್ನುತ್ತದೆ ಎಂಬ ಎರಡು ಅಳತೆ) ಕ್ರಮವಾಗಿ ಲೀಟರಿಗೆ 30, 250 ಮಿಲಿಗ್ರಾಂ, ತೇಲುವ ಕಣ 100 ದಾಟಬಾರದು; ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ವಾಷಿಂಗ್ ಘಟಕಗಳ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಣ್ಣು ಬಿದ್ದು ಬಾಗಿಲು ಮುಚ್ಚುವ ಪ್ರಸಂಗ ಊರಿಗೆ ಹೊಸತಲ್ಲ. ಬ್ರ್ಯಾಂಡ್‌ನವರು ಹೋಗಿ ಇಟಿಪಿ (ಕೊಳೆನೀರು ಶುದ್ಧ ಮಾಡುವ ಘಟಕ) ತೊಟ್ಟಿ ನೋಡಿ ಫೋಟೊ ತೆಗೆದು ಬಂದರೆ ಏನೂ ತಿಳಿಯುವುದಿಲ್ಲ, ಯಾಕೆಂದರೆ ತೊಟ್ಟಿ ಎಲ್ಲರ ಬಳಿಯೂ ಇದೆ. ಕೇಳಬೇಕಾದ್ದು ಮೂರು ಕಾಗದ. ಮಂಡಳಿಯ ಸಮ್ಮತಿ ಪತ್ರದಲ್ಲಿ ದಿನಕ್ಕೆ ಎಷ್ಟು ಸಾವಿರ ಲೀಟರ್ ಎಂದಿದೆ? ಈ ವಾಷಿಂಗ್ ಘಟಕದ ಪತ್ರದಲ್ಲಿ 60. ದಿನಕ್ಕೆ 1,500 ಪೀಸ್ ಒಗೆಯುತ್ತಾರೆ, 57.6ರಂತೆ 86 ಸಾವಿರ ಲೀಟರ್. ಮಿಕ್ಕ 26 ಸಾವಿರ ಎಲ್ಲಿ ಹೋಯಿತು ಎಂದು ಕೇಳಲು ತಜ್ಞರು ಬೇಕಿಲ್ಲ. ಎರಡನೆಯದು ಇಟಿಪಿಯ ಬ್ಲೋವರ್, ಪಂಪಿಗೆ ಬೇರೆ ಮೀಟರ್ ಇದ್ದರೆ ಅದರ ಬಿಲ್ಲು. ಮಷಿನ್ ಓಡಿದ ದಿನವೆಲ್ಲ ಬ್ಲೋವರ್ ಓಡಿದೆಯೇ ಎಂದು ಅದು ಹೇಳುತ್ತದೆ. ಮೂರನೆಯದು ಕೆಸರಿನ ಫಾರಂ 10, ಅಂದರೆ ಸಾಗಣೆ ಚೀಟಿ. ಸುಣ್ಣ, ಫೆರಸ್ ಸಲ್ಫೇಟ್ ಹಾಕಿ ನೀಲಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ರಾಸಾಯನಿಕ ಕೆಸರು 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಹೋದರೆ ಈ ಫಾರಂ ಹುಟ್ಟುತ್ತದೆ. ವರ್ಷವಿಡೀ ನೀರು ಶುದ್ಧ ಮಾಡಿದೆ ಎನ್ನುವವರ ಬಳಿ ಒಂದೂ ಫಾರಂ 10 ಇಲ್ಲದಿದ್ದರೆ, ಕೆಸರು ಬೇರೆಲ್ಲೋ ಹೋಗಿದೆ ಅಥವಾ ಶುದ್ಧೀಕರಣವೇ ಆಗಿಲ್ಲ.

ಟ್ಯಾಗ್‌ನಲ್ಲಿ ಇಲ್ಲದ, ಆದರೆ ಇರಬೇಕಿದ್ದ ಇನ್ನೊಂದು ಸಂಗತಿ ಪಿಪಿ ಸ್ಪ್ರೇ. ತೊಡೆಯ ಮೇಲೆ ಹಳತಾದಂತೆ ಬಿಳಚು ಬರಿಸಲು ಪೊಟ್ಯಾಸಿಯಂ ಪರ್ಮಾಂಗನೇಟ್ ನೇರಳೆ ದ್ರವವನ್ನು ಗನ್ನಿನಿಂದ ಹೊಡೆಯುತ್ತಾರೆ, ಆಮೇಲೆ ಮೆಟಾದಲ್ಲಿ ತೊಳೆಯುತ್ತಾರೆ. ನೀರಿನ ಪರದೆ ಮತ್ತು ಎಕ್ಸಾಸ್ಟ್ ಇರುವ ಬೂತ್, ಕಾರ್ಟ್ರಿಜ್ ಮಾಸ್ಕ್, ಕನ್ನಡಕ, ಗ್ಲೌಸ್ ಬೇಕು. ಬದಲಿಗೆ ಮೂಗಿಗೆ ಕರ್ಚೀಫು. ಸ್ಪ್ರೇ ಹುಡುಗರನ್ನು ಗುರುತಿಸುವುದು ಕಷ್ಟವಲ್ಲ: ಉಗುರಿನ ಸುತ್ತ ಕಂದುಗಪ್ಪು ಕಲೆ, ಸೋಪಿಗೆ ಹೋಗುವುದಿಲ್ಲ. ಮ್ಯಾಂಗನೀಸ್ ಡೈಆಕ್ಸೈಡ್ ಅದು. ಸರಿಯಾಗಿ ತೊಳೆಯದ ಪ್ಯಾಂಟಿನ ತೊಡೆಯ ಮೇಲೆ ಉಳಿಯುವ ಕಂದು ಮಚ್ಚೆಯೂ ಅದೇ. ಇದೇ ಬಿಳಚಿಗಾಗಿ ಮರಳು ಹೊಡೆಯುತ್ತಿದ್ದ ಕಾಲದಲ್ಲಿ ಟರ್ಕಿಯ ಕಾರ್ಮಿಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಿಂದ ಸತ್ತರು. 2009ರಲ್ಲಿ ಅಲ್ಲಿ ಮರಳು ಹೊಡೆತ ನಿಷೇಧವಾಯಿತು. ಪಿಪಿ ಅಷ್ಟು ಘೋರವಲ್ಲ, ಆದರೆ ಯುವಕರು ಮೆಚ್ಚಿ ಕೊಳ್ಳುವ ಆ ‘ಹಳೇ ಲುಕ್’ನ ಬೆಲೆ ಒಬ್ಬನ ಗಂಟಲಲ್ಲಿ ಇಳಿಯುತ್ತದೆ ಎಂಬುದು ಮರೆಯುವ ಮಾತಲ್ಲ.

ರೀಲ್

ಈಗ ‘ಅಮ್ಮಂಗೆ ಹೇಳ್ಬೇಡ’. ಕೇಳಿದ ಮೇಲೆ ಏಜೆನ್ಸಿ ಹುಡುಗಿಯ ವಯಸ್ಸಿನ ದಾಖಲೆ ಕಳಿಸಿತು: 19. ಮಾಲೀಕರಿಗೆ ಹೋದ ಜೀವ ಬಂದಂತಾಯಿತು. ಆದರೆ ದಾಖಲೆಯಿಂದ ಈ ರೀಲ್ ಉಳಿಯುವುದಿಲ್ಲ. 1995ರಲ್ಲಿ ಕಾಲ್ವಿನ್ ಕ್ಲೈನ್ ಜೀನ್ಸ್‌ನ ಜಾಹೀರಾತು ಸರಣಿಯಲ್ಲಿ ರೂಪದರ್ಶಿಗಳು ಎಳೆಯರಂತೆ ಕಾಣುತ್ತಾರೆಂದು ಅಮೆರಿಕದಲ್ಲಿ ಗಲಾಟೆ ಎದ್ದು ನ್ಯಾಯ ಇಲಾಖೆಯ ತನಿಖೆವರೆಗೆ ಹೋಯಿತು. ಮೊಕದ್ದಮೆ ಹೂಡಲಿಲ್ಲ, ಜಾಹೀರಾತು ಮಾತ್ರ ಅಷ್ಟರಲ್ಲೇ ಹಿಂದಕ್ಕೆ ಹೋಗಿತ್ತು. 2009ರಲ್ಲಿ ಅಮೆರಿಕನ್ ಅಪೆರಲ್ ಎಂಬ ಬಟ್ಟೆ ಕಂಪನಿಯ ಒಂದು ಜಾಹೀರಾತನ್ನು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ ತಡೆಯಿತು. ರೂಪದರ್ಶಿಗೆ 23 ಎಂದು ಕಂಪನಿ ಹೇಳಿತು. ಚಿತ್ರದಲ್ಲಿ 16ರೊಳಗಿನವಳಂತೆ ಕಾಣುತ್ತಾಳೆ, ಅಷ್ಟು ಸಾಕು ಎಂದು ಪ್ರಾಧಿಕಾರ ಹೇಳಿತು. ಜಡೆ, ಶಾಲೆ ಬ್ಯಾಗು ಹಾಕಿ ಎಳೆಯಳನ್ನಾಗಿ ತೋರಿಸುವುದೇ ಉದ್ದೇಶವಾಗಿದ್ದಾಗ ಆಧಾರ್ ಕಾರ್ಡು ತೋರಿಸಿ ಏನು ಪ್ರಯೋಜನ?

ಅಮೆರಿಕನ್ ಅಪೆರಲ್‌ನ ಕಥೆ ಬಳ್ಳಾರಿಯವರು ಓದಲೇಬೇಕಾದದ್ದು. ಲಾಸ್ ಏಂಜಲೀಸ್ ನಗರದ ನಡುವೆ ತನ್ನದೇ ಕಾರ್ಖಾನೆ, ಸುತ್ತಲಿನ ಹೊಲಿಗೆ ಘಟಕಗಳಿಗಿಂತ ಒಳ್ಳೆ ಕೂಲಿ, ಆರೋಗ್ಯ ಸೌಲಭ್ಯ. ಜಾಬ್ ವರ್ಕಿನ ಕಳ್ಳ ದಾರಿ ಅಲ್ಲಿರಲಿಲ್ಲ. ಅದೇ ಕಂಪನಿ 2014ರ ಮಾರ್ಚ್‌ನಲ್ಲಿ ತನ್ನದೇ ಉದ್ಯೋಗಿ, ಢಾಕಾದಲ್ಲಿ ಹುಟ್ಟಿದ 22ರ ಯುವತಿಯೊಬ್ಬಳನ್ನು ಮೇಲ್ವಸ್ತ್ರವಿಲ್ಲದೆ ಜೀನ್ಸ್‌ನಲ್ಲಿ ನಿಲ್ಲಿಸಿ ಎದೆಯ ಮೇಲೆ ‘ಮೇಡ್ ಇನ್ ಬಾಂಗ್ಲಾದೇಶ್’ ಎಂದು ಅಚ್ಚು ಹಾಕಿತು. ಪಕ್ಕದಲ್ಲೇ ಆ ಜೀನ್ಸ್ ಹೊಲಿದ 23 ಕೆಲಸಗಾರರಿಗೆ ನ್ಯಾಯದ ಕೂಲಿ ಸಿಗುತ್ತದೆ ಎಂಬ ವಿವರ. ಬಾಂಗ್ಲಾದೇಶದ ಹೊಲಿಗೆ ಕಾರ್ಖಾನೆಗಳ ಕಟ್ಟಡ ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತು ಆಗಿನ್ನೂ ವರ್ಷ ಕಳೆದಿರಲಿಲ್ಲ. ಕೂಲಿಯ ಮಾತು ಸುಳ್ಳಲ್ಲ. ಆದರೆ ಕಾರ್ಖಾನೆಯಲ್ಲಿ ಗಳಿಸಿದ ಒಳ್ಳೆಯ ಹೆಸರನ್ನು ಜಾಹೀರಾತಿನ ಸಾಲಕ್ಕೆ ಜಾಮೀನು ಇಟ್ಟಂತಾಯಿತು. ಅದೇ ವರ್ಷ ಸಂಸ್ಥಾಪಕ ಡವ್ ಚಾರ್ನಿ ಅವರನ್ನು ಕಂಪನಿಯ ನಿರ್ದೇಶಕ ಮಂಡಳಿ ಹೊರಹಾಕಿತು. 2015ರ ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2017ರಲ್ಲಿ ಗಿಲ್ಡನ್ ಎಂಬ ಬಟ್ಟೆ ಕಂಪನಿ 8.8 ಕೋಟಿ ಡಾಲರಿಗೆ ಹೆಸರನ್ನು ಕೊಂಡಿತು, ಕಾರ್ಖಾನೆಯನ್ನು ಉಳಿಸಿಕೊಳ್ಳಲಿಲ್ಲ. ದಿವಾಳಿಗೆ ಸಾಲ, ನಷ್ಟ ಎಂದು ಬೇರೆ ಕಾರಣಗಳೂ ಇದ್ದವು. ಕೊನೆಗೆ ಕೆಲಸ ಕಳೆದುಕೊಂಡವರು ಮಾತ್ರ ಆ ಒಳ್ಳೆ ಕೂಲಿಯ ಹೊಲಿಗೆಗಾರರೇ.

‘ಏಜೆನ್ಸಿ ಮಾಡಿದ್ದು’ ಎಂಬ ಉತ್ತರಕ್ಕೂ ಒಂದು ಹಿಂದಿನ ಪ್ರಸಂಗ ಇದೆ. 2022ರ ನವೆಂಬರ್‌ನಲ್ಲಿ ಬಲೆನ್ಸಿಯಾಗಾ ಎಂಬ ಫ್ಯಾಷನ್ ಕಂಪನಿ ಎರಡು ಜಾಹೀರಾತು ಸರಣಿಗಳಿಗಾಗಿ ಬೈಗುಳ ತಿಂದಿತು. ಒಂದರಲ್ಲಿ ಮಕ್ಕಳ ಕೈಗೆ ಲೈಂಗಿಕ ವೇಷದ ಗೊಂಬೆ ಚೀಲ. ಇನ್ನೊಂದರಲ್ಲಿ ಹಿನ್ನೆಲೆಗೆ ಮಕ್ಕಳ ಅಶ್ಲೀಲ ಚಿತ್ರಗಳ ಕುರಿತ ತೀರ್ಪಿನ ಹಾಳೆ. ಎರಡನೆಯದನ್ನು ಚಿತ್ರೀಕರಿಸಿದ ಸಂಸ್ಥೆಯ ಮೇಲೆ 2.5 ಕೋಟಿ ಡಾಲರ್ ದಾವೆ ಹೂಡಿದ ಕಂಪನಿ, ಕೆಲವೇ ದಿನಗಳಲ್ಲಿ ಅದನ್ನು ವಾಪಸ್ ಪಡೆಯಿತು. ಗುತ್ತಿಗೆದಾರರ ಮೇಲೆ ಬೆರಳು ತೋರಿಸಿದ್ದಕ್ಕೇ ಕಂಪನಿಗೆ ಇನ್ನಷ್ಟು ಟೀಕೆ ಬಂತು.

ಬಳ್ಳಾರಿಯ ಪ್ರಕರಣದಲ್ಲಿ ಬಿಡಿಸಿ ನೋಡಬೇಕಾದ ಗಂಟು ಒಂದಿದೆ. ಹೋರ್ಡಿಂಗ್ ಹರಿದವರೂ ದೂರು ಕೊಟ್ಟ ತಾಯಿಯೂ ಒಂದೇ ಕಡೆಯವರಂತೆ ಕಾಣುತ್ತಾರೆ, ಅಲ್ಲ. ಹುಡುಗಿ ಜೀನ್ಸ್ ಹಾಕಿದ್ದು ತಕರಾರೇ ಅಲ್ಲ. ಬಳ್ಳಾರಿಯ ಎಷ್ಟೋ ಮನೆಯ ಒಲೆ ಉರಿಯುವುದೇ ಜೀನ್ಸ್‌ನಿಂದ. ಅದನ್ನು ಹೆಣ್ಣುಮಕ್ಕಳು ಹಾಕಬಾರದೆನ್ನುವುದು ಊರಿಗೇ ಒಪ್ಪುವ ಮಾತಲ್ಲ. ತಾಯಿಯ ಆಕ್ಷೇಪ ಬಟ್ಟೆಯ ಮೇಲಲ್ಲ. ಕ್ಯಾಮೆರಾ ಎಲ್ಲಿ ನಿಂತಿತು, ಹುಡುಗಿಯನ್ನು ಎಷ್ಟು ವಯಸ್ಸಿನವಳಂತೆ ತೋರಿಸಿತು, 16ರ ಮಕ್ಕಳಿಗೆ ಮನೆಯಲ್ಲಿ ಮುಚ್ಚಿಡು ಎಂದು ಏಕೆ ಹೇಳಿತು ಎಂಬುದರ ಮೇಲೆ. ಬ್ರ್ಯಾಂಡ್‌ನವರು ಹರಿದವರಿಗೆ ಹೆದರಿ ತಾಯಿಗೂ ಅದೇ ಕ್ಷಮಾಪಣೆ ಪತ್ರ ಕಳಿಸಲು ಹೊರಟಿದ್ದರು. ಹಾಗೆ ಮಾಡಿದರೆ ಜೀನ್ಸ್ ಹಾಕಿದ್ದೇ ತಪ್ಪು ಎಂದು ಒಪ್ಪಿಕೊಂಡಂತೆ. ಉತ್ತರ ಎರಡು ಬೇಕು: ಒಬ್ಬರಿಗೆ ಕ್ಷಮೆ, ಇನ್ನೊಬ್ಬರಿಗೆ ಪೊಲೀಸ್ ದೂರು.

ಕಾನೂನು ಚಿಕ್ಕದಾಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲ 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ತಯಾರಕರಿಗಷ್ಟೇ ಅಲ್ಲ, ಶಿಫಾರಸು ಮಾಡಿದವರಿಗೂ. 2022ರ ಜೂನ್ ಮಾರ್ಗಸೂಚಿ ಮಕ್ಕಳ ಅನನುಭವ, ನಂಬಿಕೆಯನ್ನು ದುರ್ಬಳಕೆ ಮಾಡುವ ಜಾಹೀರಾತನ್ನು ತಡೆಯುತ್ತದೆ. 2024ರ ಅಕ್ಟೋಬರ್‌ನ ಹಸಿರು ಹುಸಿಮಾತಿನ ಮಾರ್ಗಸೂಚಿ ಪರಿಸರದ ಯಾವ ಮಾತಿಗೂ ಪುರಾವೆ ಕೇಳುತ್ತದೆ; ಕ್ಯೂಆರ್ ಕೋಡ್ ಮೂಲಕ ಕೊಟ್ಟರೂ ನಡೆಯುತ್ತದೆ. 1986ರ ಮಹಿಳೆಯರ ಅಸಭ್ಯ ನಿರೂಪಣೆ ನಿಷೇಧ ಕಾಯ್ದೆ ಜಾಹೀರಾತಿಗೆ ನೇರ ಅನ್ವಯ.

ಇನ್ನೊಂದು ರೀಲ್ ಮಾಡಿದ ಹುಡುಗನಿಗೆ 17. 5,000 ರೂಪಾಯಿ, ಎರಡು ಪ್ಯಾಂಟು. ‘ಜಾಹೀರಾತು’ ಎಂಬ ಪಟ್ಟಿ ಇಲ್ಲ. ಜಾಹೀರಾತು ಮಂಡಳಿಯ 2021ರ ನಿಯಮದಂತೆ ಬೇಕೇ ಬೇಕು. ಅವನಿಂದ ಸಹಿ ಹಾಕಿಸಿಕೊಂಡ ಕರಾರಿಗೂ ಬೆಲೆಯಿಲ್ಲ, 18ರೊಳಗಿನವರ ಕರಾರು ಭಾರತದಲ್ಲಿ ಅಸಿಂಧು. ಇನ್ನು 16ರಿಂದಲೇ ಗುರಿಯಿಟ್ಟ ಇನ್‌ಸ್ಟಾಗ್ರಾಂ ಖರ್ಚು: 2023ರಿಂದ ಇನ್‌ಸ್ಟಾಗ್ರಾಂನ ಒಡೆತನದ ಕಂಪನಿ ಮೆಟಾ 18ರೊಳಗಿನವರಿಗೆ ವಯಸ್ಸು, ಊರು ಬಿಟ್ಟು ಬೇರೆ ಆಧಾರದಲ್ಲಿ ಜಾಹೀರಾತು ಗುರಿಯಿಡಲು ಬಿಡುವುದಿಲ್ಲ, 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಂ, ಜಾರಿಯಾದ ಮೇಲೆ, ಮಕ್ಕಳತ್ತ ಜಾಹೀರಾತು ಗುರಿಯಿಡುವುದನ್ನೇ ನಿಷೇಧಿಸುತ್ತದೆ. ಗುರಿಯನ್ನು 18ಕ್ಕೆ ಏರಿಸುವುದೊಂದೇ ನೆಟ್ಟಗಿನ ದಾರಿ.

ತಿದ್ದಿದ ಕ್ರಮ

ಮೊದಲ ದಿನ ರೀಲ್ ಎರಡನ್ನೂ ಇಳಿಸಿದರು. ಆದರೆ ಮೂಲ ಫೈಲ್, ಖರ್ಚಿನ ವಿವರ, ಏಜೆನ್ಸಿಯ ಜೊತೆಗಿನ ವಾಟ್ಸಾಪ್ ಮಾತುಕತೆ ತೆಗೆದಿಟ್ಟುಕೊಂಡರು. ಅಳಿಸಿ ಹಾಕಿದರೆ ಜಾಹೀರಾತು ಮಂಡಳಿಗೆ ಉತ್ತರ ಕೊಡಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಆ ವಾಟ್ಸಾಪ್‌ನಲ್ಲೇ ‘ಸ್ವಲ್ಪ ಬೋಲ್ಡ್ ಇರ್ಲಿ’ ಎಂದು ಬರೆದವರು ಮಾಲೀಕರೇ ಎಂಬುದೂ ಸಿಕ್ಕಿತು. ಅಲ್ಲಿಗೆ ‘ಏಜೆನ್ಸಿ ಮಾಡಿದ್ದು’ ಎಂಬ ಉತ್ತರ ಮುಗಿಯಿತು.

ಎರಡನೇ ಕೆಲಸ ಮನೆ ಹೊಲಿಗೆಯ ಬಾಕಿ. ಮೇಸ್ತ್ರಿಯ ಕೈಗೆ ಕೊಡದೆ, ಅವನ ಪುಸ್ತಕದ ಹೆಸರುಗಳಿಗೆ ಬಂಡಲ್ ಸಂಖ್ಯೆ ತಾಳೆ ಹಾಕಿ ಫೋನ್‌ಪೇ ಮಾಡಿದರು. ಪುಸ್ತಕದಲ್ಲಿ ಗಂಡಸರ ಹೆಸರಿದ್ದು ಹೊಲಿದವರು ಹೆಂಗಸರಾಗಿದ್ದ ಕಡೆ ಹಣ ಹೊಲಿದವರಿಗೇ ಹೋಗುವಂತೆ ನೋಡಿಕೊಳ್ಳುವುದೇ ಹೆಚ್ಚು ಹೊತ್ತು ಹಿಡಿದ ಕೆಲಸ.

ಟ್ಯಾಗ್ ಮೇಲಿನ ಮೂರು ಮಾತಿನ ಮೇಲೆ ಸ್ಟಿಕ್ಕರ್ ಬಿತ್ತು. ಡಿಪ್ಲೊಮಾ ಹುಡುಗನಿಗೆ 57.6 ಲೀಟರಿನ ಲೆಕ್ಕವನ್ನು ಇದ್ದಂತೆ ಬರೆದು ಕಳಿಸಿದರು. ಎರಡನೇ ಲಾಟಿಗೆ ಹೊಸ ಸಾಲು ಹೀಗಿದೆ: ‘ಈ ಲಾಟಿನ ವಾಷಿಂಗ್‌ಗೆ ಪ್ಯಾಂಟೊಂದಕ್ಕೆ ಬಳಸಿದ ನೀರು ಇಷ್ಟು ಲೀಟರ್, ಮೀಟರ್ ಲೆಕ್ಕ. ಹತ್ತಿ ಬೆಳೆದ ನೀರು ಇದರಲ್ಲಿ ಸೇರಿಲ್ಲ.’ ಸಂಖ್ಯೆಯ ಜಾಗ ಖಾಲಿ. ಲಾಟು ಒಗೆದು ಮುಗಿದ ಮೇಲೆ ಮೀಟರ್ ನೋಡಿ ಅಚ್ಚು. ಟ್ಯಾಗ್ ಮೊದಲು, ಮಾಲು ಆಮೇಲೆ ಎಂಬ ಕ್ರಮ ತಿರುಗಿಸಿದ್ದೇ ಇಲ್ಲಿನ ದೊಡ್ಡ ಬದಲಾವಣೆ.

ಎರಡನೇ ಲಾಟನ್ನು 1,700 ಪೀಸಿಗೆ ಇಳಿಸಿದ್ದಾರೆ, ನಾಲ್ಕು ದಿನದಲ್ಲಿ ಒಳಗೇ ಮುಗಿಯುವಷ್ಟು. ಹೊಸ ಮಷಿನ್‌ನಲ್ಲೇ ಒಗೆಯಬೇಕೆಂಬ ಷರತ್ತಿಗೆ ವಾಷಿಂಗ್‌ನವರು ಪೀಸಿಗೆ 9 ರೂಪಾಯಿ ಹೆಚ್ಚು ಕೇಳಿದರು, ಒಪ್ಪಿದರು; 1,199ರ ಪ್ಯಾಂಟಿನಲ್ಲಿ ಅದು ಶೇ ಒಂದೂ ಅಲ್ಲ. ಸ್ಪ್ರೇ ಬೂತ್ ಇಲ್ಲದ್ದರಿಂದ ಪಿಪಿ ಬಿಳಚು ಇರುವ ಡಿಸೈನ್ ಕೈಬಿಟ್ಟರು. ಸಗಟಿನವರು ಅದೇ ಡಿಸೈನ್ ಕೇಳುತ್ತಿದ್ದಾರೆ, ಸದ್ಯಕ್ಕೆ ಇಲ್ಲ ಎಂದಿದ್ದಾರೆ. ಸಮ್ಮತಿ ಪತ್ರದ ಪ್ರಮಾಣ 60ರಿಂದ ಏರಿಸಲು ವಾಷಿಂಗ್‌ನವರು ಅರ್ಜಿ ಹಾಕಿದ್ದಾರೆ. ಕೆಸರಿನ ಫಾರಂ 10 ಕೇಳಿದರೆ ಮಾತ್ರ ‘ಮುಂದಿನ ತಿಂಗಳು ಕೊಡ್ತೀನ್ರಿ’ ಎನ್ನುತ್ತಿದ್ದಾರೆ. ಆದ್ದರಿಂದ ಹೊರಬಿಡುವ ನೀರಿನ ಬಗ್ಗೆ ಟ್ಯಾಗ್‌ನಲ್ಲಾಗಲಿ ಜಾಹೀರಾತಿನಲ್ಲಾಗಲಿ ಒಂದಕ್ಷರವೂ ಹಾಕಿಲ್ಲ.